ಯುದ್ಧಕಾಲದ ವರ್ತಮಾನವೂ ಆಪ್ತವಾಕ್ಯವೂ

2025ನೆಯ ಇಸವಿ ಮೇ ತಿಂಗಳ 9ನೆಯ ತಾರೀಖಿನ ಬೆಳಿಗ್ಗೆ ನಮ್ಮ ಕಚೇರಿಯ ಬಾಗಿಲು ತೆರೆಯುವುದಕ್ಕೆ ಮುಂಚೆಯೇ ನಮ್ಮ ಹಳೆಯ ಚಂದಾದಾರರೊಬ್ಬರು ಬಂದು ಮೆಟ್ಟಿಲ ಮೇಲೆ ಕುಳಿತಿದ್ದರು. ಕಂದಾಯ ಇಲಾಖೆಯಲ್ಲಿ ಶಿರಸ್ತೇದಾರರಾಗಿದ್ದು ನಿವೃತ್ತರಾದವರು. ಅಳೆದು ಮಾತನಾಡುವ ಸ್ವಭಾವದವರು. ಅಂದು ಮಾತ್ರ ಅವರ ಮುಖ ಕೆಂಪೇರಿದ್ದಿತು. “ಕರಾಚಿಯ ಬಂದರು ರಾತ್ರಿಯೆಲ್ಲ ಹೊತ್ತಿ ಉರಿದಿದೆ. ಊರಿನ ಹುಡುಗರಿಗೆಲ್ಲ ಗೊತ್ತಿದೆ. ನಿಮ್ಮ ಪತ್ರಿಕೆಯಲ್ಲಿ ಅದರ ಒಂದು ಸಾಲೂ ಇಲ್ಲ. ನಿಮಗೆ ದೇಶಾಭಿಮಾನವಿಲ್ಲವೋ, ವರ್ತಮಾನ ತರಿಸುವ ಶಕ್ತಿಯಿಲ್ಲವೋ, ಎರಡರಲ್ಲೊಂದನ್ನು ಹೇಳಿರಿ” ಎಂದು ಕೇಳಿ, ತಮ್ಮ ಮೊಬೈಲನ್ನು ನಮ್ಮ ಮುಂದೆ ಹಿಡಿದರು. ಅದರಲ್ಲಿ ಬೆಂಕಿ ನಿಜವಾಗಿಯೂ ಉರಿಯುತ್ತಿತ್ತು. “ಸಂಗತಿಯನ್ನು ಖಚಿತಪಡಿಸಿಕೊಳ್ಳಲು ನಮಗೆ ಸಾಧ್ಯವಾಗಲಿಲ್ಲ” ಎಂದಷ್ಟೇ ನಾವು ಅಂದು ಹೇಳಿದೆವು. ಅವರಿಗೆ ಅದು ತೃಪ್ತಿಕರವಾದ ಉತ್ತರವಾಗಲಿಲ್ಲವೆಂಬುದು ಸ್ಪಷ್ಟ. ಅದೇ ಪ್ರಶ್ನೆಯನ್ನು ಮನಸ್ಸಿನಲ್ಲಿಯೇ ಕೇಳಿಕೊಂಡ ವಾಚಕರು ಇನ್ನೂ ಅನೇಕರಿದ್ದಿರಬೇಕು. ಆದುದರಿಂದ ಆ ಉತ್ತರವನ್ನು ಸಾವಕಾಶವಾಗಿ, ಪೂರ್ತಿಯಾಗಿ ಹೇಳಬೇಕಾದ ಋಣ ನಮ್ಮ ಮೇಲಿದೆ.

ಸಂದರ್ಭವನ್ನು ನೆನಪಿಗೆ ತಂದುಕೊಳ್ಳೋಣ. ಆ ವರ್ಷದ ಏಪ್ರಿಲ್ 22ರಂದು ಕಾಶ್ಮೀರದ ಪಹಲ್ಗಾಮಿನಲ್ಲಿ 26 ಮಂದಿ ನಿರಪರಾಧಿಗಳು ಕೊಲೆಯಾದರು. ಮೇ 6ರ ರಾತ್ರಿ ಕಳೆದು 7ನೆಯ ತಾರೀಖು ಹುಟ್ಟುವ ಹೊತ್ತಿಗೆ ನಮ್ಮ ಸೈನ್ಯ 9 ನೆಲೆಗಳ ಮೇಲೆ ಎರಗಿತು. 10ರ ಸಂಜೆ ಕದನ ನಿಂತಿತು. ನಡುವಿನ ನಾಲ್ಕು ದಿನಗಳಲ್ಲಿ, ವಿಶೇಷವಾಗಿ 8ನೆಯ ತಾರೀಖಿನ ರಾತ್ರಿ, ಜಮ್ಮುವಿನಲ್ಲಿ ದೀಪಗಳಾರಿ ಆಕಾಶದಲ್ಲಿ ಡ್ರೋನುಗಳು ಸುಳಿಯುತ್ತಿದ್ದಾಗ, ದೇಶದ ಉಳಿದ ಭಾಗದಲ್ಲಿ ಒಬ್ಬರೂ ನಿದ್ರೆ ಮಾಡಲಿಲ್ಲವೆಂದರೆ ಅತಿಶಯೋಕ್ತಿಯಾಗದು. ಗಳಿಗೆಗೊಂದು ವರ್ತಮಾನ: ಕರಾಚಿ ಬಂದರು ಧ್ವಂಸವಾಯಿತು, ಇಸ್ಲಾಮಾಬಾದು ಕೈವಶವಾಯಿತು, ಪಾಕಿಸ್ತಾನದ ಸೇನಾಧಿಪತಿ ಸೆರೆಯಾದರು. ಎಕ್ಸ್ ಜಾಲತಾಣದಲ್ಲಿ ಯಾರೋ ಅನಾಮಧೇಯರು ಬರೆದುದು ವಾಟ್ಸಾಪಿಗೆ ಬಂದು, ಅಲ್ಲಿಂದ ಟೆಲಿವಿಷನ್ನಿಗೆ ಏರಿ, ಟೆಲಿವಿಷನ್ನಿನಲ್ಲಿ ಬಂದಿತೆಂಬ ಕಾರಣದಿಂದಲೇ ಸತ್ಯವೆನಿಸಿ ಮತ್ತೆ ವಾಟ್ಸಾಪಿಗೆ ಇಳಿಯಿತು. ಈ ಮೂರರಲ್ಲಿ ಒಂದಾದರೂ ನಡೆದಿರಲಿಲ್ಲ.

ನಡೆದಿರಲಿಲ್ಲವೆಂಬುದಕ್ಕೆ ಶತ್ರುಪಕ್ಷದ ಸಾಕ್ಷ್ಯ ಬೇಕಾಗಿಲ್ಲ. ಮೇ 11ರಂದು ನಮ್ಮ ನೌಕಾಪಡೆಯ ವೈಸ್ ಅಡ್ಮಿರಲ್ ಎ. ಎನ್. ಪ್ರಮೋದರು, ಕರಾಚಿಯೂ ಸೇರಿದಂತೆ ಸಮುದ್ರದಲ್ಲಿಯೂ ನೆಲದ ಮೇಲೂ ತಾವು ಆರಿಸಿಕೊಂಡ ಗುರಿಗಳನ್ನು ತಾವು ಬಯಸಿದ ಸಮಯದಲ್ಲಿ ಹೊಡೆಯಲು ಪಡೆ ಸನ್ನದ್ಧವಾಗಿದ್ದಿತೆಂದು ಹೇಳಿದರು. ಹೊಡೆಯಲು ಸನ್ನದ್ಧವಾಗಿದ್ದೆವೆಂದರೆ ಹೊಡೆದಿರಲಿಲ್ಲವೆಂದೇ ಅರ್ಥವಷ್ಟೆ. ಹಾಗಾದರೆ ಆ ಬೆಂಕಿ ಎಲ್ಲಿಯದು? ಅದು ಅಮೆರಿಕದ ಫಿಲಡೆಲ್ಫಿಯಾ ನಗರದಲ್ಲಿ 2025ರ ಜನವರಿ 31ರಂದು ರೋಗಿಯನ್ನು ಸಾಗಿಸುತ್ತಿದ್ದ ವಿಮಾನವೊಂದು ಮನೆಗಳ ನಡುವೆ ಬಿದ್ದಾಗ ಎದ್ದ ಬೆಂಕಿ. ಬೆಂಕಿಯೇನೋ ನಿಜವಾದ ಬೆಂಕಿಯೆ. ಊರು ಮಾತ್ರ ಬೇರೆ, ತಿಂಗಳೂ ಬೇರೆ.

ಗಡಿಯಾಚೆಯವರು ನಮಗಿಂತ ಸತ್ಯಸಂಧರಾಗಿದ್ದರೆಂದು ಇದರಿಂದ ಯಾರೂ ತಿಳಿಯಬೇಕಾದುದಿಲ್ಲ. ಗುಜರಾತಿನ ಹಜೀರಾ ಬಂದರಿನ ಮೇಲೆ ಧಾಳಿಯಾಯಿತೆಂದು ಅವರ ಕಡೆಯಿಂದ ಹರಡಿದ ಚಿತ್ರ 2021ನೆಯ ಜುಲೈ ತಿಂಗಳಲ್ಲಿ ತೈಲದ ಹಡಗೊಂದು ಸಿಡಿದಾಗ ತೆಗೆದದ್ದೆಂದು ಕೇಂದ್ರ ಸರಕಾರದ ಪತ್ರಿಕಾ ವಾರ್ತಾ ಕಾರ್ಯಾಲಯ ತೋರಿಸಿಕೊಟ್ಟಿತು. ನಮ್ಮ “20 ರಾಜ್ ಬೆಟಾಲಿಯನ್” ಎಂಬ ದಳದ ಠಾಣೆಯನ್ನು ನಾಶಮಾಡಿದೆವೆಂದು ಮತ್ತೊಂದು ಚಿತ್ರ ಬಂದಿತು. ಆ ಹೆಸರಿನ ದಳವೇ ನಮ್ಮ ಸೈನ್ಯದಲ್ಲಿ ಇಲ್ಲ! ಕರಾಚಿಯನ್ನು ನಮ್ಮವರು ಸುಟ್ಟರು, ಹಜೀರವನ್ನು ಅವರವರು ಸುಟ್ಟರು. ಎರಡು ಊರಿನ ಜನರೂ ಮರುದಿನ ಬೆಳಿಗ್ಗೆ ಎದ್ದು ಹಾಲು ತರಲು ಹೋದರು.

ಬಾಲ್ಯದಲ್ಲಿ ಪಾಠಶಾಲೆಯಲ್ಲಿ ಕುಳಿತು ತರ್ಕದ ಮೊದಲ ಪಾಠಗಳನ್ನು ಉರುಹೊಡೆದುದು ಇಂತಹ ಹೊತ್ತಿನಲ್ಲಿ ನಮಗೆ ನೆನಪಾಗುತ್ತದೆ. ಕಣ್ಣಿಗೆ ಕಾಣದುದನ್ನು ಇನ್ನೊಬ್ಬರ ಮಾತಿನಿಂದ ತಿಳಿಯಬಹುದೆಂದು ನೈಯಾಯಿಕರು ಒಪ್ಪುತ್ತಾರೆ. ಆದರೆ ಆ ಮಾತು ಆಪ್ತನದಾಗಿರತಕ್ಕದ್ದು. ಆಪ್ತನೆಂದರೆ ಯಾರು? ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನರು ಹೇಳುವ ಲಕ್ಷಣ ಬಹು ಸರಳ: ಯಾವನು ವಸ್ತುವನ್ನು ತಾನೇ ನೇರವಾಗಿ ಅರಿತಿದ್ದಾನೆಯೋ, ಅರಿತುದನ್ನು ಅರಿತಂತೆಯೇ ತಿಳಿಸಬೇಕೆಂಬ ಇಚ್ಛೆಯುಳ್ಳವನೋ, ಅವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಸಮಾನವೆಂದು ಅವರು ಕೂಡಲೇ ಸೇರಿಸುತ್ತಾರೆ. ಅಂದರೆ ಹೇಳುವವನು ನಮ್ಮವನೋ ಪರಕೀಯನೋ ಎಂಬುದು ಪ್ರಶ್ನೆಯೇ ಅಲ್ಲ. ನೋಡಿದನೆ? ನೋಡಿದಂತೆ ಹೇಳುತ್ತಿದ್ದಾನೆಯೆ? ಇಷ್ಟೇ ಪ್ರಶ್ನೆ.

ನಮ್ಮ ಕನ್ನಡದಲ್ಲಿ ಈ ಶಬ್ದಕ್ಕೆ ಒದಗಿರುವ ಗತಿಯನ್ನು ವಾಚಕರು ಗಮನಿಸಬೇಕು. ಆಪ್ತನೆಂದರೆ ಇಂದು ಹತ್ತಿರದ ಸ್ನೇಹಿತ, ಬೇಕಾದವನು. ನಮಗೆ ಬೇಕಾದವನು ಹೇಳಿದುದು ನಿಜವಾಗಿರಲೇಬೇಕೆಂಬ ಭ್ರಮೆ ಈ ಅರ್ಥಾಂತರದಲ್ಲಿಯೇ ಅಡಗಿದೆ. ವಾಟ್ಸಾಪಿನ ಶಕ್ತಿಯೆಲ್ಲ ಇರುವುದು ಇಲ್ಲಿ. ಅಪರಿಚಿತನೊಬ್ಬನು ಬೀದಿಯಲ್ಲಿ ನಿಂತು ಕರಾಚಿ ಉರಿಯಿತೆಂದು ಕೂಗಿದರೆ ನಾವು ಅವನನ್ನು ಮೇಲಿಂದ ಕೆಳಗಿನವರೆಗೆ ನೋಡುತ್ತಿದ್ದೆವು. ಅದೇ ಮಾತನ್ನು ಸೋದರಳಿಯನು ಕಳುಹಿಸಿದರೆ ನೋಡುವುದಿಲ್ಲ. ಆದರೆ ಸೋದರಳಿಯನು ಕರಾಚಿಯಲ್ಲಿರಲಿಲ್ಲ! ಅವನಿಗೆ ಕಳುಹಿಸಿದವನೂ ಇರಲಿಲ್ಲ. ಹಲವು ಕೈ ದಾಟಿ ಬಂದ ಸಂದೇಶದ ಮೇಲೆ ಎರಡು ಬಾಣಗಳ ಗುರುತನ್ನು ಆ ಸಂಸ್ಥೆ 2019ರಿಂದ ಹಾಕುತ್ತಿದೆ; ಅಂತಹುದನ್ನು ಒಂದು ಬಾರಿಗೆ ಒಬ್ಬರಿಗೆ ಅಥವಾ ಒಂದು ಗುಂಪಿಗೆ ಮಾತ್ರ ಕಳುಹಿಸಬಹುದೆಂದು 2020ರಲ್ಲಿ ಕಟ್ಟುಮಾಡಿದೆ. ಆ ಗುರುತಿನ ಅರ್ಥ, “ಇದನ್ನು ನೋಡಿದವನು ಇಲ್ಲಿ ಯಾರೂ ಇಲ್ಲ” ಎಂದು. ಓದುವವರು ಬಹಳ ಮಂದಿ ಅದನ್ನು “ಎಲ್ಲರೂ ಬಲ್ಲರು” ಎಂದು ತಿಳಿಯುತ್ತಾರೆ.

ಇನ್ನು ಎರಡನೆಯ ಲಕ್ಷಣ: ಕಂಡಂತೆ ಹೇಳುವ ಇಚ್ಛೆ. ಇಲ್ಲಿ ಕಾಲ ಬಹಳ ಕೆಟ್ಟಿದೆಯೆಂದು ಹೇಳದೆ ಗತ್ಯಂತರವಿಲ್ಲ. ಹಿಂದೆ ಎಕ್ಸ್ ಜಾಲತಾಣದಲ್ಲಿ ಹೆಸರಿನ ಪಕ್ಕದ ನೀಲಿ ಗುರುತು ಸಿಕ್ಕಬೇಕಾದರೆ ಆ ವ್ಯಕ್ತಿ ಅವನೇ ಹೌದೆಂದು ಸಂಸ್ಥೆಯವರು ಪರಿಶೀಲಿಸಬೇಕಾಗಿತ್ತು. 2022ರ ಕೊನೆಯಿಂದ ತಿಂಗಳಿಗಿಷ್ಟು ಎಂದು ಹಣ ತೆತ್ತವರಿಗೆ ಅದು ದೊರೆಯುತ್ತದೆ. 2023ರಿಂದ, ಬರೆದುದನ್ನು ಹೆಚ್ಚು ಮಂದಿ ನೋಡಿದರೆ ಸಂಸ್ಥೆಯ ಆದಾಯದಲ್ಲಿ ಬರೆದವನಿಗೂ ಪಾಲು ಸಲ್ಲುತ್ತದೆ. ಕರಾಚಿ ಉರಿಯಿತೆಂದು ಬರೆದವನಿಗೆ ಲಕ್ಷಾಂತರ ಕಣ್ಣುಗಳು. ಏನೂ ತಿಳಿಯದು, ಕಾಯೋಣ ಎಂದು ಬರೆದವನಿಗೆ ಹತ್ತು. ಸುಳ್ಳು ಹೇಳುವವರು ಎಂದೂ ಇದ್ದರು. ಅವರಿಗೆ ಸಂಬಳ ಗೊತ್ತುಮಾಡಿದುದು ನಮ್ಮ ಕಾಲದ ವಿಶೇಷ.

ಹೆಸರುವಾಸಿಯಾದವರ ಮಾತಾದರೆ ನಂಬಬಹುದಲ್ಲವೆ ಎಂದು ಕೇಳಬಹುದು. ಮರುಮಾತಿಲ್ಲದೆ ನಂಬಲಾಗದು. 1942ನೆಯ ಮಾರ್ಚ್ ತಿಂಗಳ ಕೊನೆಯಲ್ಲಿ ಸುಭಾಷಚಂದ್ರ ಬೋಸರು ವಿಮಾನಾಪಘಾತದಲ್ಲಿ ಮೃತರಾದರೆಂದು ಲೋಕವಿಖ್ಯಾತವಾದ ವಾರ್ತಾಸಂಸ್ಥೆಗಳೇ ಸಾರಿದವು. ಮಹಾತ್ಮಾ ಗಾಂಧಿಯವರು ಬೋಸರ ವೃದ್ಧ ಮಾತೆಗೆ ಸಂತಾಪದ ತಂತಿಯನ್ನು ಕಳುಹಿಸಿದರು. ಬೋಸರು ಯೂರೋಪಿನಲ್ಲಿ ಕ್ಷೇಮವಾಗಿದ್ದು, ಕೆಲವೇ ದಿನಗಳಲ್ಲಿ ಬಾನುಲಿಯಲ್ಲಿ ತಾವೇ ಮಾತನಾಡಿ ಆ ವಾರ್ತೆಯನ್ನು ಅಲ್ಲಗಳೆದರು. ಮಗನು ಸತ್ತನೆಂಬ ವರ್ತಮಾನವನ್ನು ಕೇಳಿದ ಆ ತಾಯಿ ಆ ದಿನಗಳನ್ನು ಹೇಗೆ ಕಳೆದರೋ ದೇವರೇ ಬಲ್ಲನು. ಮೂರು ವರ್ಷಗಳ ತರುವಾಯ, 1945ರ ಆಗಸ್ಟಿನಲ್ಲಿ, ತೈಪೆಯಿಂದ ಅದೇ ಬಗೆಯ ವಾರ್ತೆ ಬಂದಾಗ ದೇಶದಲ್ಲಿ ಅಸಂಖ್ಯಾತ ಜನರು ಅದನ್ನು ನಂಬಲೇ ಇಲ್ಲ. ಮೊದಲ ಬಾರಿ ಮೋಸಹೋದುದೇ ಅದಕ್ಕೆ ಒಂದು ಕಾರಣವಾಗಿರಬೇಕೆಂದು ನಮ್ಮ ಭಾವನೆ.

ಹಾಗಾದರೆ ಸಾಮಾನ್ಯ ವಾಚಕನಿಗೆ ಪರೀಕ್ಷೆಯ ಸಾಧನವೇನೂ ಇಲ್ಲವೆ? ಇದೆ, ಅನೇಕ ವೇಳೆ ಅದು ಅವನ ಕಿವಿಯಲ್ಲಿಯೇ ಇರುತ್ತದೆ. 2019ರ ಫೆಬ್ರವರಿ 27ರಂದು ನಮ್ಮ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನರು ಪಾಕಿಸ್ತಾನದ ಕೈಗೆ ಸಿಕ್ಕಿದರು. ಇಬ್ಬರು ವೈಮಾನಿಕರು ತಮ್ಮ ವಶದಲ್ಲಿದ್ದಾರೆಂದು ಅಲ್ಲಿನ ಸೇನೆಯ ವಕ್ತಾರರು ಮೊದಲು ಸಾರಿದರು. ಸಂಜೆಯ ಹೊತ್ತಿಗೆ ಒಬ್ಬರೇ ಎಂದು ತಿದ್ದಿಕೊಂಡರು. ಅಷ್ಟರಲ್ಲಿ, ನೆಲದ ಮೇಲೆ ಗಾಯಗೊಂಡು ಮಲಗಿರುವ ವೈಮಾನಿಕರೊಬ್ಬರ ವಿಡಿಯೊ, ಪಾಕಿಸ್ತಾನದಲ್ಲಿ ಸೆರೆಯಾದವರದೆಂಬ ಹೆಸರಿನಲ್ಲಿ ಎರಡು ದೇಶಗಳಲ್ಲಿಯೂ ಹರಿದಾಡಿತು. ಅದರಲ್ಲಿ ಸುತ್ತ ನಿಂತ ಜನರು ಆಡುತ್ತಿದ್ದ ಮಾತು ಕನ್ನಡ! ಫೆಬ್ರವರಿ 19ರಂದು ಬೆಂಗಳೂರಿನ ಯಲಹಂಕದಲ್ಲಿ, ವೈಮಾನಿಕ ಪ್ರದರ್ಶನದ ತಾಲೀಮಿನಲ್ಲಿ ಸೂರ್ಯಕಿರಣ ತಂಡದ ಎರಡು ವಿಮಾನಗಳು ಢಿಕ್ಕಿಯಾಗಿ ಒಬ್ಬ ವೈಮಾನಿಕರು ಮಡಿದು, ಉಳಿದವರು ಹಾರಿಕೊಂಡು ಪಾರಾದಾಗಿನ ಚಿತ್ರವದು. ದೆಹಲಿಯವನಿಗೂ ಲಾಹೋರಿನವನಿಗೂ ತಿಳಿಯದಿದ್ದುದು ಯಲಹಂಕದ ಹೂವಾಡಗಿತ್ತಿಗೆ ತಿಳಿಯುತ್ತಿತ್ತು. ಆದರೆ ಕನ್ನಡಿಗರೂ ಅದನ್ನು ಮುಂದಕ್ಕೆ ಕಳುಹಿಸಿದರೆಂದು ಹೇಳಲು ನಮಗೆ ನಾಚಿಕೆಯಾಗುತ್ತದೆ. ನಮ್ಮ ಪರಿಚಯದವರಿಂದಲೇ ಅದು ನಮಗೂ ಬಂದಿದ್ದಿತು. ಅವರು ಚಿತ್ರವನ್ನು ನೋಡಿದರು, ಸದ್ದನ್ನು ಕೇಳಲಿಲ್ಲ.

ಕೇಳಬೇಕು. ಆಡುವ ಭಾಷೆ ಯಾವುದು, ಅಂಗಡಿಯ ಹಲಗೆಯ ಮೇಲಿನ ಲಿಪಿ ಯಾವುದು, ಮೈಮೇಲೆ ಉಣ್ಣೆ ಇದೆಯೋ ಹತ್ತಿ ಇದೆಯೋ, ಮೇ ತಿಂಗಳೆಂದು ಹೇಳುವ ಚಿತ್ರದಲ್ಲಿ ನೆಲ ಒದ್ದೆಯಾಗಿದೆಯೆ. ಇವನ್ನೆಲ್ಲ ನೋಡುವುದಕ್ಕೆ ಯಾವ ವಿದ್ಯೆಯೂ ಬೇಡ. ಚಿತ್ರದ ಒಂದು ಚೌಕಟ್ಟನ್ನು ಗೂಗಲ್ಲಿಗೆ ಕೊಟ್ಟು ಇದು ಹಿಂದೆ ಎಲ್ಲಿಯಾದರೂ ಕಂಡಿದೆಯೆ ಎಂದು ಹುಡುಕಿಸುವುದಕ್ಕೆ ಎರಡು ನಿಮಿಷ ಸಾಕು. ನಮ್ಮ ಕಚೇರಿಯ ಹುಡುಗರು ಈಗ ಅದನ್ನು ಚಹಾ ಕುಡಿಯುತ್ತಲೇ ಮಾಡುತ್ತಾರೆ. “ಆರ್ಮಾ 3” ಎಂಬ ಯುದ್ಧದ ಆಟದ ದೃಶ್ಯಗಳು ನಿಜವಾದ ಕದನವೆಂದು ದೇಶದೇಶಗಳಲ್ಲಿ ಹರಡುವುದನ್ನು ಕಂಡು, ಆಟವನ್ನು ತಯಾರಿಸಿದ ಜೆಕ್ ಸಂಸ್ಥೆಯವರೇ 2022ರ ನವೆಂಬರಿನಲ್ಲಿ ಗುರುತುಗಳನ್ನು ತಿಳಿಸಿ ಪ್ರಕಟಣೆ ಹೊರಡಿಸಿದರು: ಚಿತ್ರ ಮಸುಕು, ಕ್ಯಾಮರಾ ಅಲುಗಾಟ, ಬಹುಮಟ್ಟಿಗೆ ಕತ್ತಲೆ, ಸದ್ದಿಲ್ಲ, ಓಡಾಡುವ ಜನರಿಲ್ಲ. 2025ರ ಮೇ ತಿಂಗಳಲ್ಲಿ ಆ ಆಟ ಗಡಿಯ ಎರಡು ಕಡೆಗಳಲ್ಲಿಯೂ ಯುದ್ಧವೆಂದು ನಡೆಯಿತು.

ಯಂತ್ರಬುದ್ಧಿಯಿಂದ ಮುಖವನ್ನೂ ಕಂಠವನ್ನೂ ಸೃಷ್ಟಿಸಿದ ಚಿತ್ರಗಳ ಮಾತು ಬೇರೆ. ಅಲ್ಲಿ ಕಣ್ಣು ಕಿವಿಗಳು ಸೋಲುತ್ತವೆ. ಪಾಕಿಸ್ತಾನದ ಸೇನಾ ವಕ್ತಾರರು ತಮ್ಮ ಎರಡು ವಿಮಾನಗಳು ನಷ್ಟವಾದುದನ್ನು ತಾವೇ ಒಪ್ಪಿಕೊಳ್ಳುತ್ತಿರುವಂತೆ ತೋರಿಸುವ ವಿಡಿಯೊ ಒಂದು ಆ ದಿನಗಳಲ್ಲಿ ಬಂದಿತು. ಕರಾಚಿಯನ್ನು ತಡೆಹಿಡಿದೆವೆಂದು ಬೀಗುತ್ತಿದ್ದ ನಾವು ಇದನ್ನು ಒಳಪುಟದಲ್ಲಿ ನಾಲ್ಕು ಸಾಲು ಅಚ್ಚುಹಾಕಿದೆವು. ಅದು ಕೃತಕವೆಂದು ತಿಳಿದ ಮರುದಿನ ತಿದ್ದುಪಡಿಯನ್ನು ಅಚ್ಚುಹಾಕಿದೆವು. ಮೊದಲ ನಾಲ್ಕು ಸಾಲುಗಳನ್ನು ಓದಿದವರು ನಮಗೆ ದಾರಿಯಲ್ಲಿ ಸಿಕ್ಕಿ ಸಂತೋಷ ವ್ಯಕ್ತಪಡಿಸಿದರು. ತಿದ್ದುಪಡಿಯನ್ನು ಓದಿದೆವೆಂದು ಹೇಳಿದವರು ಇಂದಿನವರೆಗೆ ಒಬ್ಬರೂ ಸಿಕ್ಕಿಲ್ಲ. ಏತಕ್ಕಾಗಿ ತಪ್ಪಿದೆವೆಂದು ಯೋಚಿಸಿದರೆ ಕಾರಣ ಸ್ಪಷ್ಟವಾಗಿದೆ: ಕರಾಚಿಯ ವರ್ತಮಾನ ನಂಬಲಾಗದಷ್ಟು ದೊಡ್ಡದಾಗಿತ್ತು, ಇದು ನಂಬಬೇಕೆನಿಸುವಷ್ಟು ಚಿಕ್ಕದಾಗಿತ್ತು, ನಮ್ಮ ಮನಸ್ಸಿಗೆ ಹಿತವಾಗಿಯೂ ಇದ್ದಿತು.

ಸುಳ್ಳಿನಿಂದ ಯಾರಿಗೇನು ನಷ್ಟ, ಜನರ ಧೈರ್ಯ ಹೆಚ್ಚಿದರೆ ಒಳ್ಳೆಯದೇ ಅಲ್ಲವೆ ಎಂದು ವಾದಿಸುವ ಸಭ್ಯರಿದ್ದಾರೆ. ಅವರು ಪೂಂಛಿನ ಕಡೆಗೆ ಸ್ವಲ್ಪ ದೃಷ್ಟಿ ಹಾಯಿಸಬೇಕು. ಮೇ 7ರಂದು ಪಾಕಿಸ್ತಾನದ ಫಿರಂಗಿಗಳು ಆ ಊರಿನ ಮೇಲೆ ಗುಂಡಿನ ಮಳೆಗರೆದಾಗ ಸತ್ತವರಲ್ಲಿ ಮದ್ರಸಾದಲ್ಲಿ ಪಾಠ ಹೇಳುತ್ತಿದ್ದ ಒಬ್ಬ ಉಪಾಧ್ಯಾಯರಿದ್ದರು. ಭಾರತದ ಪ್ರಜೆ, ಶತ್ರುವಿನ ಗುಂಡಿಗೆ ಬಲಿಯಾದವರು. ಅವರ ಭಾವಚಿತ್ರವನ್ನು ತೋರಿಸಿ, ನಮ್ಮ ಸೈನ್ಯದ ಧಾಳಿಯಲ್ಲಿ ಹತನಾದ ಭಯೋತ್ಪಾದಕನೆಂದು ನಮ್ಮ ದೇಶದ್ದೇ ಆದ ಕೆಲವು ಟೆಲಿವಿಷನ್ ಸಂಸ್ಥೆಗಳು ಸಾರಿದವು. ಪೂಂಛಿನ ಪೊಲೀಸರು ಬಹಿರಂಗವಾಗಿ ಅಲ್ಲಗಳೆದರು. ಮರುತಿಂಗಳು ಅಲ್ಲಿನ ನ್ಯಾಯಾಲಯ ಮೊಕದ್ದಮೆ ದಾಖಲಿಸುವಂತೆ ಆಜ್ಞಾಪಿಸಿತು. ಪರರಾಷ್ಟ್ರ ಆತನ ಪ್ರಾಣವನ್ನು ತೆಗೆದುಕೊಂಡಿತು. ಆತನ ಹೆಸರನ್ನು ನಾವು ತೆಗೆದುಕೊಂಡೆವು. ಶವಸಂಸ್ಕಾರದ ದುಃಖದ ನಡುವೆ, ತಮ್ಮವನು ದೇಶದ್ರೋಹಿಯಲ್ಲವೆಂದು ಸಾಬೀತುಪಡಿಸಬೇಕಾದ ಹೊಣೆ ಆ ಮನೆಯವರ ತಲೆಯ ಮೇಲೆ ಬಿದ್ದಿತು. ಇದರಿಂದ ಯಾರ ಧೈರ್ಯ ಹೆಚ್ಚಿತು?

ನಮ್ಮ ನಾಡಿನಲ್ಲಿಯೇ ನಡೆದುದನ್ನು ಕೇಳಿ. ಕದನದ ದಿನಗಳಲ್ಲಿ ಸೈನ್ಯದ ಪರವಾಗಿ ಪತ್ರಿಕೆಯವರಿಗೆ ವಿವರ ನೀಡಿದ ಕರ್ನಲ್ ಸೋಫಿಯಾ ಖುರೇಷಿಯವರು ಬೆಳಗಾವಿ ಜಿಲ್ಲೆಯ ಸೊಸೆ. ಅವರ ಪತಿಗೃಹದ ಮೇಲೆ ಒಂದು ಸಂಘಟನೆಯವರು ಧಾಳಿ ಮಾಡಿದರೆಂದು ಮೇ ತಿಂಗಳ ಮಧ್ಯದಲ್ಲಿ ಎಕ್ಸ್‌ನಲ್ಲಿ ಒಂದು ಬರಹ ಹೊರಟಿತು. ಅಂತಹದೇನೂ ನಡೆದಿಲ್ಲವೆಂದು ಜಿಲ್ಲೆಯ ಪೊಲೀಸ್ ವರಿಷ್ಠಾಧಿಕಾರಿಗಳು ಕೂಡಲೇ ಪ್ರಕಟಿಸಿ, ಮನೆಗೆ ಕಾವಲನ್ನೂ ಇಟ್ಟರು. ಅಧಿಕಾರಿಗಳ ಆ ತ್ವರೆ ಶ್ಲಾಘನೀಯವಾದುದು. ಒಂದು ಹಗಲು ತಡವಾಗಿದ್ದರೆ ಎರಡು ಕೋಮುಗಳ ನಡುವೆ ಬೀದಿಗಳಲ್ಲಿ ಏನಾಗುತ್ತಿತ್ತೆಂಬುದನ್ನು ಊಹಿಸಲು ನಾವು ಇಚ್ಛಿಸುವುದಿಲ್ಲ.

ಎಲ್ಲ ಅಧಿಕಾರಿಗಳನ್ನೂ ಹೀಗೆ ಹೊಗಳುವಂತಿದ್ದರೆ ಚೆನ್ನಾಗಿತ್ತು. ವದಂತಿ ಬೆಳೆಯುವುದು ಮೌನದ ಹೊಲದಲ್ಲಿ. ಮೇ 8ರ ಸುಮಾರಿಗೆ 8,000ಕ್ಕೂ ಹೆಚ್ಚು ಖಾತೆಗಳನ್ನು ತಡೆಯಬೇಕೆಂದು ಸರಕಾರ ತನಗೆ ಆಜ್ಞೆ ಕಳುಹಿಸಿದೆಯೆಂದು ಎಕ್ಸ್ ಸಂಸ್ಥೆ ತಿಳಿಸಿತು. ಬಾಯಿ ಮುಚ್ಚಿಸಲು ತೋರಿದ ಈ ಚುರುಕಿನ ಅರ್ಧವನ್ನು ಸರಕಾರ ತಾನು ಬಾಯಿ ತೆರೆಯುವುದರಲ್ಲಿ ತೋರಿದ್ದರೆ! ನಮ್ಮ ವಿಮಾನಗಳೂ ನಷ್ಟವಾದವೆಂಬುದನ್ನು ರಕ್ಷಣಾಪಡೆಗಳ ಮುಖ್ಯಸ್ಥರಾದ ಜನರಲ್ ಅನಿಲ್ ಚೌಹಾಣರು ಒಪ್ಪಿಕೊಂಡುದು ಮೇ 31ರಂದು, ಅದೂ ಸಿಂಗಪುರದಲ್ಲಿ, ವಿದೇಶೀ ವರದಿಗಾರರ ಮುಂದೆ. ಆರು ವಿಮಾನಗಳೆಂಬ ಪಾಕಿಸ್ತಾನದ ಮಾತು ಪೂರ್ತಿ ತಪ್ಪೆಂದು ಅವರು ಹೇಳಿದರು, ಸಂಖ್ಯೆಯನ್ನು ಹೇಳಲಿಲ್ಲ. ಸೈನಿಕ ಕಾರಣಗಳಿಂದ ಕೆಲವು ಸಂಗತಿಗಳನ್ನು ಕೆಲವು ಕಾಲ ಗೋಪ್ಯವಾಗಿಡಬೇಕೆಂಬುದನ್ನು ನಾವು ಒಪ್ಪುವೆವು. ಆದರೆ ಮೂರು ವಾರಗಳ ಮೌನದಲ್ಲಿ ಪ್ರಜೆಗಳು ಶತ್ರುವಿನ ಲೆಕ್ಕವನ್ನೇ ಓದಬೇಕಾಯಿತಲ್ಲ! ದ್ರೋಣಾಚಾರ್ಯರು ಅಶ್ವತ್ಥಾಮನು ಸತ್ತನೆಂಬ ಮಾತನ್ನು ಭೀಮನು ಕೂಗಿದಾಗ ನಂಬಲಿಲ್ಲ, ಧರ್ಮರಾಯನನ್ನು ಕೇಳಿದರು. ರಾಜ್ಯದ ಬಾಯಿ ಧರ್ಮರಾಯನ ಬಾಯಿಯಾಗಿರಬೇಕೆಂದು ಪ್ರಜೆ ಇಂದಿಗೂ ಬಯಸುತ್ತಾನೆ. ಆ ರಥದ ಚಕ್ರ ಒಮ್ಮೆ ನೆಲವನ್ನು ಮುಟ್ಟಿದ ಮೇಲೆ ಮತ್ತೆ ಮೇಲೇಳಲಿಲ್ಲವೆಂಬುದನ್ನು ಅಧಿಕಾರಸ್ಥರಿಗೆ ನಾವು ನೆನಪು ಮಾಡಿಕೊಡಬೇಕಾಗಿಲ್ಲ.

ಟೆಲಿವಿಷನ್ನಿನ ನಮ್ಮ ವೃತ್ತಿಬಾಂಧವರ ವಿಷಯದಲ್ಲಿ ಒಂದೇ ಮಾತು ಸಾಕು. ವಿಮಾನಧಾಳಿಯ ಸೈರನ್ನನ್ನು ನಿಮ್ಮ ಕಾರ್ಯಕ್ರಮಗಳ ಮೆರುಗಿಗಾಗಿ ಊದಬೇಡಿರಿ, ನಿಜವಾದ ಸೈರನ್ ಊದಿದಾಗ ಜನ ಏಳಲಾರರು ಎಂದು ಮೇ 10ರಂದು ನಾಗರಿಕ ರಕ್ಷಣಾ ಇಲಾಖೆಯವರು ಅವರನ್ನು ಬೇಡಿಕೊಳ್ಳಬೇಕಾಯಿತು.

ಜಾಲತಾಣದಲ್ಲಿ ಬಂದುದೆಲ್ಲವೂ ಸುಳ್ಳೆಂದು ತಳ್ಳಿಹಾಕುವವರೂ ಉಂಟು. ಅದು ಸೋಮಾರಿಯ ವಿವೇಕ. ಕದನ ನಿಲ್ಲುತ್ತದೆಂಬ ವರ್ತಮಾನ ಮೇ 10ರ ಸಂಜೆ ಮೊದಲು ಬಂದುದು ಅಮೆರಿಕದ ಅಧ್ಯಕ್ಷ ಟ್ರಂಪರ ಜಾಲತಾಣದ ಬರಹದಲ್ಲಿ. ನಮ್ಮ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿಯವರು ಸ್ವಲ್ಪ ಹೊತ್ತಿನ ಮೇಲೆ, ಎರಡು ಸೇನೆಗಳ ಕಾರ್ಯಾಚರಣೆಯ ಮಹಾನಿರ್ದೇಶಕರು ಮಾತನಾಡಿ ಸಂಜೆ 5 ಗಂಟೆಯಿಂದ ನಿಲ್ಲಿಸಲು ಒಪ್ಪಿದರೆಂದು ತಿಳಿಸಿದರು. ಟ್ರಂಪರ ಬರಹದಲ್ಲಿ ಎರಡು ಮಾತುಗಳಿದ್ದವು: ಕದನ ನಿಲ್ಲುತ್ತದೆ, ತಾವು ನಡುವೆ ನಿಂತು ನಿಲ್ಲಿಸಿದೆವು. ಮೊದಲನೆಯದು ದಿಟವಾಯಿತು, ಎರಡನೆಯದನ್ನು ನಮ್ಮ ಸರಕಾರ ಒಪ್ಪಲಿಲ್ಲ. ಒಂದೇ ಬರಹದ ಒಂದು ವಾಕ್ಯವನ್ನು ಸ್ವೀಕರಿಸಿ ಇನ್ನೊಂದನ್ನು ಪಕ್ಕಕ್ಕಿಡಬಹುದು, ಇಡಲೂ ಬೇಕು. ಅದೇ ರಾತ್ರಿ ಕಾಶ್ಮೀರದ ಮುಖ್ಯಮಂತ್ರಿ ಓಮರ್ ಅಬ್ದುಲ್ಲಾರು, ಶ್ರೀನಗರದಲ್ಲಿ ಸ್ಫೋಟಗಳು ಕೇಳಿಸುತ್ತಿವೆಯೆಂದು ಬರೆದರು. ಬರೆದವರು ಆ ಊರಿನಲ್ಲಿದ್ದರು; ಕೇಳಿದುದನ್ನಷ್ಟೇ ಬರೆದರು; ಯಾರು ಹೊಡೆದರು, ಎಷ್ಟು ಮಂದಿ ಸತ್ತರು ಎಂದು ಸೇರಿಸಲಿಲ್ಲ. ಇಂತಹ ಬರಹವನ್ನು ಆಪ್ತವಾಕ್ಯವೆನ್ನಲು ನಮಗೆ ಯಾವ ಸಂಕೋಚವೂ ಇಲ್ಲ.

ನಮ್ಮ ಶಿರಸ್ತೇದಾರರು ಮೇ 12ರಂದು ಮತ್ತೆ ಬಂದರು. ನೌಕಾಪಡೆಯ ಹೇಳಿಕೆಯನ್ನು ಅಚ್ಚುಹಾಕಿದ್ದ ಪುಟ ಅವರ ಕೈಯಲ್ಲಿದ್ದಿತು. ಆ ವಿಡಿಯೊ ತಮಗೆ ಯಾರಿಂದ ಬಂದಿತೆಂದು ಕೇಳಿದೆವು. ಸೋದರಳಿಯನಿಂದ. ಅವನಿಗೆ? ಅವನ ಕಚೇರಿಯ ಗುಂಪಿನಿಂದ. ಗುಂಪಿಗೆ? ತಿಳಿಯದು. ತಾವು ಎಷ್ಟು ಕಡೆಗೆ ಕಳುಹಿಸಿದಿರೆಂದು ಕೇಳಿದೆವು. ಸ್ವಲ್ಪ ಹೊತ್ತು ಲೆಕ್ಕಹಾಕಿ, ಬಂಧುಗಳ ಗುಂಪು, ನಿವೃತ್ತ ನೌಕರರ ಗುಂಪು, ದೇವಸ್ಥಾನದ ಸಮಿತಿ, ಮುಂಬಯಿಯ ಮಗಳು, ಎಂದು ಬೆರಳು ಮಡಿಸಿದರು. ಅದು ಕರಾಚಿಯದಲ್ಲವೆಂದು ಅವರೆಲ್ಲರಿಗೂ ತಿಳಿಸಿದ್ದೀರಾ ಎಂದು ಕೇಳಿದೆವು. ಅವರು ಉತ್ತರ ಹೇಳಲಿಲ್ಲ. ಕನ್ನಡಕವನ್ನು ಒರೆಸಿ ಹಾಕಿಕೊಂಡು, ನಮ್ಮ ಮೇಜಿನ ಪಕ್ಕದ ಕುರ್ಚಿಯನ್ನು ಎಳೆದುಕೊಂಡು ಕುಳಿತು, ಮೊಬೈಲನ್ನು ಹೊರತೆಗೆದರು. ಮೊದಲು ದೇವಸ್ಥಾನದ ಸಮಿತಿಗೆ ಬರೆದರು.